ನಡುಮನೆಯ ಆಟ

ನಮ್ಮ ಮನೆಯಲ್ಲಿ ಕಂಪ್ಯೂಟರುಗಳಿಗೆ ಬಡತನವಿಲ್ಲ. ಮಗನದೊಂದು, ಸೊಸೆಯದೊಂದು, ಒಂಬತ್ತು ವರ್ಷದ ಮೊಮ್ಮಗನ ಪಾಠಕ್ಕೆಂದು ಕೊಂಡದ್ದು ಇನ್ನೊಂದು. ಇವಲ್ಲದೆ, ವಯಸ್ಸಾಗಿ ಕೆಲಸ ಬಿಟ್ಟು ಅಟ್ಟದ ಮೇಲೆ ವಿಶ್ರಾಂತಿ ಪಡೆಯುತ್ತಿರುವುದು ಮತ್ತೊಂದು. ಹೀಗಿರುವಾಗ, 2022ರ ದೀಪಾವಳಿಗೆ ಎರಡು ದಿನ ಮುಂಚೆ ಚಿರಂಜೀವಿ ದೊಡ್ಡದೊಂದು ಪೆಟ್ಟಿಗೆಯನ್ನು ತಬ್ಬಿಕೊಂಡು ಬಂದು ನಡುಮನೆಯಲ್ಲಿ ಇಳಿಸಿದ. ಪಟಾಕಿಯಿರಬೇಕೆಂದು ತಿಳಿದ ನಾನು, ಖರ್ಚಿನ ವಿಷಯದಲ್ಲಿ ಎರಡು ಹಿತವಚನ ಹೇಳುವುದಕ್ಕಾಗಿ ಕನ್ನಡಕವನ್ನು ಸರಿಪಡಿಸಿಕೊಂಡೆ. ಪೆಟ್ಟಿಗೆಯಿಂದ ಹೊರಬಂದದ್ದು ಪಟಾಕಿಯಲ್ಲ. ಕೊರಳಪಟ್ಟಿಯನ್ನು ಎತ್ತಿ ನಿಲ್ಲಿಸಿದ ಬಿಳಿಯ ಅಂಗಿಯಂತೆ ಕಾಣುವ ಒಂದು ಯಂತ್ರ. "ಪ್ಲೇಸ್ಟೇಷನ್ ಐದು!" ಎಂದು ಮೊಮ್ಮಗ ಕುಣಿದಾಡಿದ.

"ಇದರಲ್ಲಿ ಏನು ಮಾಡುತ್ತಾರೆ?" ಎಂದು ಕೇಳಿದೆ.

"ಆಟ ಆಡುತ್ತಾರೆ ಅಪ್ಪಾ."

"ಬರಿಯ ಆಟವೆ?"

"ಬರಿಯ ಆಟ."

"ಕಂಪ್ಯೂಟರಿನಲ್ಲಿ ಆಟಗಳಿಲ್ಲವೆ?"

"ಇವೆ. ಇದರಲ್ಲಿರುವುದಕ್ಕಿಂತ ಹೆಚ್ಚಾಗಿಯೇ ಇವೆ."

"ಹಾಗಾದರೆ ಇದೇಕೆ?"

ಮಗ ಟೆಲಿವಿಷನ್ನಿನ ಹಿಂಭಾಗದಲ್ಲಿ ತಂತಿ ಜೋಡಿಸುತ್ತಿದ್ದವನು, ತಲೆಯೆತ್ತದೆಯೇ, "ಇದು ನಡುಮನೆಯಲ್ಲಿ ಇರುತ್ತದೆ" ಎಂದ.

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನಿಗೆ ಇಂತಹ ಉತ್ತರ ರುಚಿಸುವಂತಹುದಲ್ಲ. ಮೇಜನ್ನೇಕೆ ಕೊಂಡೆ ಎಂದು ಕೇಳಿದರೆ, ಅದು ಕಿಟಕಿಯ ಪಕ್ಕದಲ್ಲಿ ಇರುತ್ತದೆ ಎಂದಂತಾಯಿತು. ಆದರೆ ಆ ಉತ್ತರದ ಖಾತೆಯಲ್ಲಿ ನನ್ನದೂ ಒಂದು ಹಳೆಯ ಬಾಕಿ ಇದ್ದಿತೆಂಬುದು ನನಗೆ ತಿಳಿಯಲು ಇನ್ನೂ ಕೆಲವು ತಿಂಗಳು ಬೇಕಾದುವು.

ನಮ್ಮ ನೆರೆಮನೆಯಲ್ಲಿ ನಿವೃತ್ತ ಇಂಜಿನಿಯರ್ ಮಹಾಶಯರೊಬ್ಬರಿದ್ದಾರೆ. ಅವರ ಮೊಮ್ಮಗ ಕಾಲೇಜಿನ ವಿದ್ಯಾರ್ಥಿ. ಆಟಕ್ಕೆಂದೇ ಬಿಡಿಭಾಗಗಳನ್ನು ಆರಿಸಿ ತಂದು ಕಂಪ್ಯೂಟರೊಂದನ್ನು ಕಟ್ಟಿಕೊಂಡಿದ್ದಾನೆ. ಅದರ ಒಂದು ಪಕ್ಕ ಗಾಜಿನದು. ಒಳಗೆ ಕೆಂಪು, ನೀಲಿ, ಹಸುರು ದೀಪಗಳು ರಾಜ್ಯೋತ್ಸವದ ಅಲಂಕಾರದಂತೆ ಓಡಾಡುತ್ತಿರುತ್ತವೆ. ನಮ್ಮ ಮನೆಗೆ ಕನ್ಸೋಲು ಬಂದ ಸುದ್ದಿ ಕೇಳಿ ಇಂಜಿನಿಯರ್ ಮಹಾಶಯರು ಬೆಳಗಿನ ಕಾಫಿಯ ಹೊತ್ತಿಗೆ ಬಂದರು. ನನ್ನ ಮಗ ಮೋಸಹೋಗಿದ್ದಾನೆಂದು ಕನಿಕರ ತೋರಿಸಿದರು.

ಅವರ ವಾದ ಬಲವಾಗಿಯೇ ಇತ್ತು. ಕಂಪ್ಯೂಟರು ತೆರೆದ ಬಯಲು. ಕನ್ಸೋಲು ಬೀಗ ಹಾಕಿದ ತೋಟ, ಕಂಪೆನಿಯವರು ಒಪ್ಪಿದ ಗಿಡಗಳು ಮಾತ್ರ ಅಲ್ಲಿ ಬೆಳೆಯತಕ್ಕದ್ದು. ಕಂಪ್ಯೂಟರಿನಲ್ಲಾದರೋ ಆಡುವವನೇ ಆಟವನ್ನು ತಿದ್ದಬಹುದು. 'ಹಾಫ್ ಲೈಫ್' ಎಂಬ ಆಟವನ್ನು ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ತರುಣರು ತಮ್ಮ ಪಾಡಿಗೆ ತಾವು ಮಾರ್ಪಡಿಸುತ್ತ ಹೋಗಿ, 1999ರಲ್ಲಿ 'ಕೌಂಟರ್ ಸ್ಟ್ರೈಕ್' ಎಂಬ ಹೊಸ ಆಟವೇ ಹುಟ್ಟಿತು; ಮುಂದೆ ಅದು ಲೋಕವಿಖ್ಯಾತವಾಯಿತು. ಬೀಗ ಹಾಕಿದ ತೋಟದಲ್ಲಿ ಇದು ಸಾಧ್ಯವೆ? ಕಂಪ್ಯೂಟರಿನ ಆಟಗಳು ವರ್ಷದಲ್ಲಿ ಹಲವು ಸಲ ಕಾಲು ಬೆಲೆಗೆ ಸಿಕ್ಕುತ್ತವೆ. ಕನ್ಸೋಲಿನ ಹೊಸ ದೊಡ್ಡ ಆಟವೊಂದಕ್ಕೆ 5,000 ರೂಪಾಯಿಗಳವರೆಗೆ ಎಣಿಸಬೇಕು. ದೂರದವರೊಡನೆ ಆಡಬೇಕೆಂದರೆ ಕನ್ಸೋಲಿನಲ್ಲಿ ಹೆಚ್ಚಿನ ಆಟಗಳಿಗೆ ಪ್ರತ್ಯೇಕ ಚಂದಾ ಬೇರೆ. ಗುರಿಯಿಡುವುದರಲ್ಲಿ ಮೌಸಿಗೆ ಸಮನಾದುದಿಲ್ಲ. ಕಂಪ್ಯೂಟರು ಹಳೆಯದಾದರೆ ಒಂದು ಭಾಗವನ್ನು ಬದಲಾಯಿಸಿದರಾಯಿತು. ಇಷ್ಟೆಲ್ಲ ಹೇಳಿ ಅವರು ಕಾಫಿಯ ಲೋಟವನ್ನು ಕೆಳಗಿಟ್ಟರು. ಉತ್ತರ ಕೊಡಲು ನನ್ನ ಬಳಿ ಒಂದು ಪದವೂ ಇರಲಿಲ್ಲ.

ಆ ರಾತ್ರಿ ಊಟದ ಹೊತ್ತಿನಲ್ಲಿ ಈ ಫಿರ್ಯಾದನ್ನು ಮಗನ ಮುಂದಿಟ್ಟೆ. "ಅವರು ಹೇಳುವುದೆಲ್ಲ ನಿಜ" ಎಂದು ಒಪ್ಪಿಕೊಂಡುಬಿಟ್ಟ. ಅನಂತರ ಹುಳಿ ಕಲೆಸುತ್ತ ತನ್ನ ಪಕ್ಷವನ್ನೂ ಹೇಳಿದ.

ಕಂಪ್ಯೂಟರಿನ ಆಟವನ್ನು ಕೊಳ್ಳುವವನು ಮೊದಲು ಜಾತಕ ನೋಡಬೇಕು. ಇಷ್ಟು ವೇಗದ ಪ್ರೊಸೆಸರು, ಇಷ್ಟು ಮೆಮೊರಿ, ಇಂತಹ ಗ್ರಾಫಿಕ್ಸ್ ಕಾರ್ಡು ಇರತಕ್ಕದ್ದೆಂದು ಆಟದವರು ಷರತ್ತು ಹಾಕಿರುತ್ತಾರೆ. ಎಲ್ಲ ಗುಣಗಳೂ ಕೂಡಿಬಂದರೆ ಸಂಬಂಧ ಕುದುರಿತು. ಒಂದು ಕೂಡದಿದ್ದರೆ ಚಿತ್ರ ತಡವರಿಸುತ್ತದೆ, ಇಲ್ಲವೆ ಆಟ ತೆರೆಯುವುದೇ ಇಲ್ಲ. ಕನ್ಸೋಲಿನಲ್ಲಿ ಈ ಜಾತಕದ ಕಾಟವಿಲ್ಲ. ಪ್ಲೇಸ್ಟೇಷನ್ ಐದು ಎಂದರೆ ಟೋಕಿಯೋವಿನಲ್ಲಿ ಮಾರಿದುದಕ್ಕೂ ಬೆಂಗಳೂರಿನಲ್ಲಿ ಮಾರಿದುದಕ್ಕೂ ಅದೇ ಪ್ರೊಸೆಸರು, ಅದೇ 16 ಜಿಬಿ ಮೆಮೊರಿ. ಆಟ ಬರೆಯುವವನಿಗೆ ತನ್ನ ಆಟ ಯಾವ ಯಂತ್ರದಲ್ಲಿ ಓಡಬೇಕೆಂಬುದು ಅಂಗೈಯ ಗೆರೆಯಂತೆ ಗೊತ್ತು. ಅಳತೆ ತಿಳಿದ ದರ್ಜಿಯಂತೆ ಅವನು ಹೊಲಿಯುತ್ತಾನೆ. ಕಂಪ್ಯೂಟರಿಗೆ ಬರೆಯುವವನು ಊರಿನವರಿಗೆಲ್ಲ ಸರಿಹೋಗುವ ಅಂಗಿಯನ್ನು ಹೊಲಿಯಬೇಕಾದವನು.

ಎರಡನೆಯದು ದುಡ್ಡಿನ ಮಾತು. ಈ ಯಂತ್ರ ಭಾರತದಲ್ಲಿ ಮಾರಾಟಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು. ಡಿಸ್ಕು ಹಾಕುವ ಮಾದರಿಗೆ ಆಗಿನ ಬೆಲೆ 49,990 ರೂಪಾಯಿ. ಅಷ್ಟೇ ಬಲದ ಕಂಪ್ಯೂಟರನ್ನು ಅಷ್ಟೇ ಹಣದಲ್ಲಿ ಕಟ್ಟುವುದು ಆಗ ಆಗದ ಮಾತು. ಏಕೆಂದರೆ ಅದೇ ದಿನಗಳಲ್ಲಿ ಲೋಕಕ್ಕೆಲ್ಲ ಚಿಪ್ಪುಗಳ ಅಭಾವ ಬಂದಿತ್ತು. ಇದ್ದ ಗ್ರಾಫಿಕ್ಸ್ ಕಾರ್ಡುಗಳನ್ನು ಕ್ರಿಪ್ಟೋ ನಾಣ್ಯ ತೆಗೆಯುವವರು ರಾಶಿರಾಶಿಯಾಗಿ ಕೊಂಡುಹೋಗುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಎಂಬ ನಾಣ್ಯದವರು ತಮ್ಮ ಪದ್ಧತಿಯನ್ನು ಬದಲಾಯಿಸಿದ ಮೇಲೆಯೇ ಆ ಹಾವಳಿ ಇಳಿದದ್ದು. ಹಾಗೆಂದು ಕನ್ಸೋಲೂ ಸುಲಭವಾಗಿ ಸಿಕ್ಕಿತೆಂದಲ್ಲ; ಅದಕ್ಕೂ ಜನ ತಿಂಗಳುಗಟ್ಟಲೆ ಕಾದರು.

"ಅಷ್ಟು ಅಗ್ಗವಾಗಿ ಮಾರಿದರೆ ಕಂಪೆನಿಗೆ ಏನು ಗಿಟ್ಟುತ್ತದೆ?" ಎಂದೆ.

"ಮೊದಮೊದಲು ನಷ್ಟಕ್ಕೇ ಮಾರುತ್ತಿದ್ದರು. 2021ರ ಆಗಸ್ಟಿನಲ್ಲಿ ಸೋನಿಯವರು, ಡಿಸ್ಕಿನ ಮಾದರಿಯಲ್ಲಿ ಇನ್ನು ನಷ್ಟವಿಲ್ಲವೆಂದು ಹೇಳಿದರು. ಲಾಭವೆಲ್ಲ ಆಟಗಳಲ್ಲಿ. ಮಾರಾಟವಾದ ಪ್ರತಿಯೊಂದು ಆಟದಲ್ಲಿಯೂ ಅವರಿಗೆ ಪಾಲು."

ಇದು ನನಗೆ ಒಡನೆಯೇ ಅರ್ಥವಾಯಿತು. ಮೊದಲ ಠೇವಣಿಯಲ್ಲಿ ಲಾಭ ನೋಡದೆ, ಗಿರಾಕಿ ಬಾಗಿಲೊಳಗೆ ಬಂದರೆ ಸಾಕೆನ್ನುವ ಬ್ಯಾಂಕುಗಳನ್ನು ನಾನು ಕಂಡಿದ್ದೇನೆ. ಆದರೆ ಇಷ್ಟನ್ನೂ ಕೇಳಿದ ಮೇಲೆ ನನಗೆ ತೋರಿದ್ದು ಇದು: ಇದೆಲ್ಲ ಯಂತ್ರದ ಸಮಾಚಾರ. ನಡುಮನೆಯ ಮಾತು ಇದರಲ್ಲಿ ಎಲ್ಲಿಯೂ ಬರಲಿಲ್ಲ. ಅದನ್ನು ಬಲ್ಲವನು ನಾನೇ. ಹೇಳುವುದಕ್ಕೆ ಸ್ವಲ್ಪ ಸಂಕೋಚವಾಗುತ್ತದೆ.

1994ರಲ್ಲಿ ನನ್ನ ಭಾವಮೈದ ಮುಂಬಯಿಯಿಂದ ಬರುವಾಗ ಸೋದರಳಿಯನಿಗೆಂದು ಒಂದು 'ಟಿವಿ ಗೇಮ್' ತಂದುಕೊಟ್ಟ. ಜಪಾನಿನ ನಿಂಟೆಂಡೊ ಕಂಪೆನಿಯ ಯಂತ್ರವೊಂದರ ನಕಲು ಅದು. ಅಸಲಿನ ಹೆಸರನ್ನು ನಮ್ಮ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಅದರೊಡನೆ ಬಂದ ಹಳದಿಯ ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಬರೆದಿತ್ತು. ಎಣಿಸಿ ನೋಡಿದರೆ ಕೈಬೆರಳೆಣಿಕೆಯ ಆಟಗಳೇ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದುವು. ಚಿತ್ರ ಬಾರದಿದ್ದರೆ ಹುಡುಗರು ಕ್ಯಾಸೆಟ್ಟನ್ನು ತೆಗೆದು, ಕೊಳಲೂದುವಂತೆ ಅದರ ಬಾಯಿಗೆ ಊದಿ ಮತ್ತೆ ಹಾಕುತ್ತಿದ್ದರು. ಆ ಪೆಟ್ಟಿಗೆಗೆ ಕಂಟ್ರೋಲರುಗಳು ಎರಡು. ಜೊತೆಗೆ ಒಂದು ಪಿಸ್ತೂಲು.

ಆಗ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಟೆಲಿವಿಷನ್ನು, ಅದು ಇದ್ದದ್ದು ನಡುಮನೆಯಲ್ಲಿ. ಹೀಗಾಗಿ ಆಟವೂ ನಡುಮನೆಯಲ್ಲಿಯೇ ನಡೆಯಬೇಕಾಯಿತು. ಬೀದಿಯ ಹುಡುಗರು ಬಂದು ಸಾಲಾಗಿ ಕುಳಿತರು. ಒಬ್ಬ ಸತ್ತರೆ ಇನ್ನೊಬ್ಬನ ಸರದಿ. ನನ್ನಾಕೆ ಅಡಿಗೆಮನೆಯ ಕೆಲಸ ಮುಗಿಸಿ ಸೆರಗಿಗೆ ಕೈಯೊರೆಸಿಕೊಳ್ಳುತ್ತ ಬಂದು, ಪಿಸ್ತೂಲು ಹಿಡಿದು, ಪರದೆಯ ಮೇಲೆ ಹಾರುವ ಬಾತುಕೋಳಿಗಳನ್ನು ಹೊಡೆಯುತ್ತಿದ್ದಳು. ಜೀವಮಾನದಲ್ಲಿ ಜಿರಲೆಯನ್ನು ಕೊಲ್ಲಲೂ ನನ್ನನ್ನು ಕರೆಯುತ್ತಿದ್ದವಳು, ಬಾತುಕೋಳಿಯ ವಿಷಯದಲ್ಲಿ ಗುರಿ ತಪ್ಪುತ್ತಿರಲಿಲ್ಲ. ಮಗ ಹೆಮ್ಮೆಯಿಂದ ಸ್ನೇಹಿತರ ಕಡೆ ನೋಡುತ್ತಿದ್ದ.

ಈ ಸಂತೋಷ ನಾಲ್ಕು ತಿಂಗಳು ನಡೆಯಿತು. ಆ ಮೇಲೆ, ಇಂತಹ ಆಟಗಳಿಂದ ಟಿವಿಯ ಟ್ಯೂಬು ಸುಟ್ಟುಹೋಗುತ್ತದೆಂದು ರಿಪೇರಿಯವನೊಬ್ಬ ನನ್ನ ಕಿವಿಯಲ್ಲಿ ಊದಿದ. ಸಾಲ ಮಾಡಿ ಕೊಂಡ ಟಿವಿ. ಅದೇ ದಿನ ಸಂಜೆ ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿದೆ. ಮಗನಿಗೆ ಆಗ ಹತ್ತು ವರ್ಷ, ಅತ್ತು ಸುಮ್ಮನಾದ.

ನಾಲ್ಕು ವರ್ಷಗಳ ಮೇಲೆ, 1998ರಲ್ಲಿ, ಅವನೇ ಬಂದು, ಕಂಪ್ಯೂಟರು ಬೇಕು, ಓದಿಗೆ ಬೇಕು ಎಂದ. ಓದು ಎಂಬ ಪದಕ್ಕೆ ಮಧ್ಯಮ ವರ್ಗದ ತಂದೆಯ ಬೀರುವನ್ನು ತೆರೆಯುವ ಶಕ್ತಿಯಿದೆ. ಬ್ಯಾಂಕಿನಲ್ಲಿ ಸಾಲ ಪಡೆದು, ಎಸ್.ಪಿ. ರಸ್ತೆಯಲ್ಲಿ ಅಂಗಡಿಯಿಂದಂಗಡಿಗೆ ಅಲೆದು, 42,000 ರೂಪಾಯಿ ಕೊಟ್ಟು ಒಂದನ್ನು ಜೋಡಿಸಿ ತಂದೆವು. ಅರಿಸಿನ ಕುಂಕುಮವಿಟ್ಟು, ಕಾಯಿ ಒಡೆದು, ಧೂಳು ಬೀಳದಂತೆ ಮೇಲೆ ಹೊದಿಕೆ ಹಾಕಿದ್ದಾಯಿತು. ಚಪ್ಪಲಿ ಬಿಟ್ಟೇ ಅದರ ಬಳಿ ಹೋಗಬೇಕೆಂದು ನಾನು ಕಟ್ಟಪ್ಪಣೆ ಮಾಡಿದೆ. ಓದುವ ಯಂತ್ರಕ್ಕೆ ನಡುಮನೆಯ ಗದ್ದಲ ಸಲ್ಲದೆಂದು, ಹಿಂಬದಿಯ ಕೋಣೆಯಲ್ಲಿ, ಗೋಡೆಗೆ ಮುಖ ಮಾಡಿ, ಮೇಜು ಹಾಕಿಸಿದವನೂ ನಾನೇ.

ಆಟಗಳು ತಾವಾಗಿಯೇ ಬಂದುವು. ಸ್ನೇಹಿತರಿಂದ ಸಿ.ಡಿ. ಬರುತ್ತಿತ್ತು, ನಮ್ಮ ಯಂತ್ರಕ್ಕೆ ಜಾತಕ ಕೂಡುತ್ತಿರಲಿಲ್ಲ. ಮಗ ತಿರುಪುಗಳನ್ನು ಬಿಚ್ಚುವುದು, ಮೆಮೊರಿ ಬದಲಾಯಿಸುವುದು, ಧ್ವನಿ ಬಾರದೆ ರಾತ್ರಿಯೆಲ್ಲ ಹೆಣಗಾಡುವುದು ಕಲಿತ. ಇಂದು ಅವನು ಅನ್ನ ತಿನ್ನುತ್ತಿರುವ ವಿದ್ಯೆ ಹೀಗೆಯೇ ಬಂದುದೆಂದು ಅವನೇ ಹೇಳುತ್ತಾನೆ; ಕಂಪ್ಯೂಟರಿಗೆ ಆ ಋಣ ಸಲ್ಲಲೇಬೇಕು. ಆದರೆ ಆ ಎರಡು ವರ್ಷ ನಾನು ನನ್ನ ಮಗನ ಮುಖಕ್ಕಿಂತ ಬೆನ್ನನ್ನೇ ಹೆಚ್ಚಾಗಿ ನೋಡಿದೆ. ಬಾಗಿಲಲ್ಲಿ ನಿಂತು "ಊಟಕ್ಕೆ ಬಾ" ಎಂದರೆ ಬೆನ್ನು "ಬಂದೆ" ಎನ್ನುತ್ತಿತ್ತು.

2000ದ ಜನವರಿಯಲ್ಲಿ, ಎಸ್.ಎಸ್.ಎಲ್.ಸಿ.ಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ, ಗಣಿತದ ಅಂಕ ಕುಸಿಯಿತು. ಅಂಕಪಟ್ಟಿಯನ್ನು ಹಿಡಿದು ಕೋಣೆಗೆ ಹೋದೆ. ಅವನು ಆಡುತ್ತಿದ್ದ. ನಾನು ಒಂದು ಮಾತೂ ಆಡದೆ ಕೀಬೋರ್ಡಿನ ತಂತಿಯನ್ನು ಎಳೆದು ಕಿತ್ತು, ಕೀಬೋರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಪರದೆಯ ಮೇಲೆ ಅವನ ಮೋಟಾರು ಸೈಕಲ್ಲು ಯಾರೂ ನಡೆಸದೆ ಓಡಿ ರಸ್ತೆಯ ಪಕ್ಕಕ್ಕೆ ಬಿತ್ತು. ಅವನು ಅದನ್ನೇ ನೋಡುತ್ತ ಕುಳಿತಿದ್ದ. ಜಗಳವಾಡಿದ್ದರೆ ಚೆನ್ನಾಗಿತ್ತು, ಆಡಲಿಲ್ಲ. ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಬಂತು. ನಾನು ಮಾಡಿದ್ದು ಸರಿಯಾಯಿತೆಂದು ಬಂಧುಬಳಗದಲ್ಲೆಲ್ಲ ಹೇಳಿಕೊಂಡೆ. ಕೀಬೋರ್ಡನ್ನು ಹಿಂದಿರುಗಿಸಿದೆ. ಆದರೆ ಅಂದಿನಿಂದ ನಮ್ಮಿಬ್ಬರ ಮಾತು, ಊಟವಾಯಿತೆ, ಬಸ್ಸು ಸಿಕ್ಕಿತೆ, ಸಂಬಳ ಬಂತೆ ಎಂಬ ಮೂರು ಪ್ರಶ್ನೆಗಳ ದಾರಿಯಲ್ಲಿಯೇ ಇಪ್ಪತ್ತು ವರ್ಷ ನಡೆದುಹೋಯಿತು.

ಈಚೆಗೆ ಈ ಯಂತ್ರಗಳ ಪೂರ್ವೋತ್ತರವನ್ನು ಕುತೂಹಲದಿಂದ ಓದಿಕೊಂಡೆ. ಟೆಲಿವಿಷನ್ನಿನಲ್ಲಿ ಆಟ ಆಡಬಹುದೆಂಬ ಯೋಚನೆಯನ್ನು 1966ರಲ್ಲಿ ಕಾಗದಕ್ಕಿಳಿಸಿದವರು ರಾಲ್ಫ್ ಬೇರ್ ಎಂಬ ಅಮೆರಿಕದ ಇಂಜಿನಿಯರು. ಬಾಲ್ಯದಲ್ಲಿ ನಾತ್ಸಿಗಳ ಜರ್ಮನಿಯಿಂದ ಪಾರಾಗಿ ಬಂದವರು. ಮನೆಮನೆಯಲ್ಲಿಯೂ ಇರುವ ಟೆಲಿವಿಷನ್ನು ಬರಿದೆ ನೋಡುವುದಕ್ಕೆ ಮಾತ್ರವೇ ಏಕಿರಬೇಕು ಎಂಬುದು ಅವರ ಪ್ರಶ್ನೆ. ಅದರ ಫಲವಾಗಿ 1972ರಲ್ಲಿ ಮ್ಯಾಗ್ನವಾಕ್ಸ್ ಕಂಪೆನಿಯ 'ಒಡಿಸ್ಸಿ' ಹೊರಬಂತು. ಮನೆಯಲ್ಲಿ ಆಡುವ ಕನ್ಸೋಲುಗಳಲ್ಲಿ ಅದೇ ಮೊದಲನೆಯದು. ಅದಕ್ಕೆ ಧ್ವನಿಯಿರಲಿಲ್ಲ, ಅಂಕ ಎಣಿಸುವುದೂ ಬರುತ್ತಿರಲಿಲ್ಲ. ಪರದೆಗೆ ಅಂಟಿಸಲು ಚಿತ್ರ ಬರೆದ ಪ್ಲಾಸ್ಟಿಕ್ ಹಾಳೆಗಳು, ಜೊತೆಗೆ ದಾಳಗಳು, ಎಲೆಗಳು, ಆಟದ ನೋಟುಗಳು ಆ ಪೆಟ್ಟಿಗೆಯಲ್ಲಿ ಇರುತ್ತಿದ್ದುವು. ನಮ್ಮ ಪಗಡೆಯ ಹಾಸಿನಂತೆ, ಸುತ್ತ ಕುಳಿತು ಆಡುವ ಮನೆಮಂದಿಯನ್ನು ಕಣ್ಣ ಮುಂದಿಟ್ಟುಕೊಂಡೇ ಅದನ್ನು ಮಾಡಿದ್ದರು.

ನಿಂಟೆಂಡೊ ಕಂಪೆನಿಯ ಕಥೆ ಇನ್ನೂ ಹಳೆಯದು. 1889ರಲ್ಲಿ ಕ್ಯೋಟೋ ನಗರದಲ್ಲಿ ಹೂವಿನ ಚಿತ್ರಗಳ ಆಟದ ಎಲೆಗಳನ್ನು ತಯಾರಿಸುವ ಅಂಗಡಿಯಾಗಿ ಅದು ಆರಂಭವಾಯಿತು. ಆ ಕಂಪೆನಿಯವರು 1983ರಲ್ಲಿ ಜಪಾನಿನಲ್ಲಿ ಹೊರತಂದ ಯಂತ್ರದ ಅಸಲು ಹೆಸರು 'ಫ್ಯಾಮಿಲಿ ಕಂಪ್ಯೂಟರ್'. ನನ್ನ ಭಾವಮೈದ ತಂದದ್ದು ಇದರ ನಕಲೇ. ಅದರ ಎರಡು ಕಂಟ್ರೋಲರುಗಳನ್ನು ಯಂತ್ರಕ್ಕೇ ತಂತಿಯಿಂದ ಬಿಗಿದಿದ್ದರು. ಒಂದನ್ನು ಬಿಟ್ಟು ಒಂದನ್ನು ಕೊಳ್ಳುವ ಹಾಗಿರಲಿಲ್ಲ. ಇಬ್ಬರು ಇದ್ದೇ ಇರುತ್ತಾರೆಂದು ಯಂತ್ರ ಮಾಡಿದವರು ಮೊದಲೇ ನಂಬಿದ್ದರು. ಅದಕ್ಕೆ ಎರಡು ವರ್ಷ ಮುಂಚೆ, 1981ರಲ್ಲಿ, ಅಮೆರಿಕದ ಐ.ಬಿ.ಎಂ. ಕಂಪೆನಿಯವರು ತಮ್ಮ ಯಂತ್ರಕ್ಕೆ 'ಪರ್ಸನಲ್ ಕಂಪ್ಯೂಟರ್' ಎಂದು ಹೆಸರಿಟ್ಟಿದ್ದರು. ಒಂದು ಕುಟುಂಬದ ಯಂತ್ರ. ಇನ್ನೊಂದು ಒಬ್ಬನ ಯಂತ್ರ. ಇದನ್ನು ಓದಿದಾಗ ನನಗಾದ ಕಸಿವಿಸಿ ಅಷ್ಟಿಷ್ಟಲ್ಲ. ಕುಟುಂಬದ ಯಂತ್ರವನ್ನು ಅಟ್ಟಕ್ಕೇರಿಸಿ, ಒಬ್ಬನ ಯಂತ್ರವನ್ನು ಸಾಲ ಮಾಡಿ ತಂದು, ಅದರ ಮುಂದೆ ಮಗನನ್ನು ಒಬ್ಬನನ್ನೇ ಕೂರಿಸಿ, ಅವನು ಒಂಟಿಯಾದನೆಂದು ಅವನ ಮೇಲೆಯೇ ಕೋಪಿಸಿಕೊಂಡವನು ನಾನು.

ಕಂಪ್ಯೂಟರಿಗೆ ಅನ್ಯಾಯ ಮಾಡಬಾರದು. 1962ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹುಟ್ಟಿದ 'ಸ್ಪೇಸ್ ವಾರ್' ಎಂಬ ಆಟ ಇಬ್ಬರು ಎದುರಾಳಿಗಳಿಗೆಂದೇ ಮಾಡಿದ್ದು. ನೆರೆಮನೆಯ ಹುಡುಗನೂ ಒಂಟಿಯಲ್ಲ. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಊರೂರಿನ ಗೆಳೆಯರೊಡನೆ ಮಧ್ಯರಾತ್ರಿಯವರೆಗೂ ಆಡುತ್ತಾನೆ, ನಗುತ್ತಾನೆ, ಬೈಯುತ್ತಾನೆ. ಆದರೆ ಮನೆಯವರಿಗೆ ಕೇಳಿಸುವುದು ಸಂಭಾಷಣೆಯ ಒಂದೇ ಪಕ್ಕ. ಅವನ ಅಜ್ಜನವರೂ, ಪಾಪ, ಬಾಗಿಲಲ್ಲಿ ನಿಂತು ಬೆನ್ನನ್ನೇ ನೋಡುತ್ತಾರೆ.

ನನ್ನ ಮಗನಿಗೆ ಇನ್ನೊಂದು ಕಾರಣವೂ ಇತ್ತು. 2020ರ ಮಾರ್ಚಿನಲ್ಲಿ ಕೊರೋನಾ ಬಂದು ಕಚೇರಿಗಳು ಮುಚ್ಚಿದಾಗ ಅವನ ಕೋಣೆಯೇ ಕಚೇರಿಯಾಯಿತು. ಎರಡು ವರ್ಷಕ್ಕೂ ಮಿಕ್ಕಿ, ಬೆಳಗಿನಿಂದ ರಾತ್ರಿಯವರೆಗೆ, ಅದೇ ಕುರ್ಚಿ, ಅದೇ ಪರದೆ. ಕೆಲಸ ಮುಗಿದ ಮೇಲೆ ಮನಸ್ಸು ಹಗುರವಾಗಲೆಂದು ಅದರಲ್ಲಿಯೇ ಒಂದು ಆಟ ತೆರೆದರೆ, ಮೂಲೆಯಲ್ಲಿ ಕಚೇರಿಯ ಸಂದೇಶ ಕಿಣಿಕಿಣಿ ಎನ್ನುವುದು. "ಆಟ ಆಡುತ್ತಿದ್ದರೂ ಬೆರಳು ಕೆಲಸದ ಕೀಬೋರ್ಡಿನ ಮೇಲೆಯೇ ಇರುತ್ತದೆ ಅಪ್ಪಾ. ಕೈಗೆ ವ್ಯತ್ಯಾಸ ತಿಳಿಯುವುದಿಲ್ಲ" ಎಂದು ಒಂದು ದಿನ ಹೇಳಿದ. ಬ್ಯಾಂಕಿನಲ್ಲಿ ಲೆಡ್ಜರುಗಳನ್ನು ಪಕ್ಕಕ್ಕೆ ಸರಿಸಿ, ಅದೇ ಮೇಜಿನ ಮೇಲೆ ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದವನು ನಾನು. ಊಟ ಗಂಟಲಲ್ಲಿ ಇಳಿಯುತ್ತಿತ್ತು. ಕಣ್ಣು ಮಾತ್ರ ಬಾಕಿ ಅಂಕಿಗಳ ಮೇಲೆ. ಎಲ್ಲ ಕೆಲಸವನ್ನೂ ಮಾಡಬಲ್ಲ ಯಂತ್ರಕ್ಕೆ ಇರುವ ದೋಷ ಇದೇ: ಎಲ್ಲ ಕೆಲಸವೂ ಬಂದು ಅದರ ಬಾಗಿಲಲ್ಲಿ ಕಾದಿರುತ್ತದೆ. ಕನ್ಸೋಲಿಗೆ ಬರುವುದು ಆಟವೊಂದೇ. ಅದರ ದಡ್ಡತನವೇ ಅದರ ಉಪಕಾರ.

ಅದೂ ಅಷ್ಟು ಸಾಧುವಲ್ಲವೆನ್ನಿ. ದೀಪಾವಳಿಯ ಸಂಜೆ ಮೊಮ್ಮಗ ಹೊಸ ಬಟ್ಟೆ ತೊಟ್ಟು ಕುಳಿತರೆ, ಯಂತ್ರ 'ಅಪ್‌ಡೇಟ್' ಬೇಕೆಂದು ಒಂದು ಗಂಟೆ ಕಾಯಿಸಿತು. ಪೆಟ್ಟಿಗೆಯಲ್ಲಿ ಈಗ ಬರುವುದು ಒಂದೇ ಕಂಟ್ರೋಲರು. ಕುಟುಂಬದ ಮೇಲಿನ ನಂಬಿಕೆ ಕಂಪೆನಿಗಳಿಗೂ ಕಡಿಮೆಯಾಗಿದೆ. ಎರಡನೆಯದನ್ನು ನನ್ನ ಪಿಂಚಣಿಯಿಂದ ಕೊಂಡೆ. ಮೊಮ್ಮಗನಿಗೆಂದು ಹೇಳಿ ಕೊಂಡೆ.

2023ರ ಸಂಕ್ರಾಂತಿಗೆ ಸೊಸೆ, ಮೊಮ್ಮಗ ಇಬ್ಬರೂ ಅವಳ ತವರಿಗೆ ಹೋಗಿದ್ದರು. ರಾತ್ರಿ ಊಟವಾದ ಮೇಲೆ ಮಗ ಡಿಸ್ಕೊಂದನ್ನು ಯಂತ್ರಕ್ಕೆ ಹಾಕಿ ಸೋಫಾದ ಮೇಲೆ ಕುಳಿತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಾ, ಇದನ್ನು ಒಬ್ಬನೇ ಆಡುವುದಕ್ಕೆ ಆಗುವುದಿಲ್ಲ. ಬರುತ್ತೀರಾ?" ಎಂದ.

ಅದು 2021ರಲ್ಲಿ ಹೊರಬಂದ 'ಇಟ್ ಟೇಕ್ಸ್ ಟೂ' ಎಂಬ ಆಟ. ಆ ವರ್ಷ ಅಮೆರಿಕದ 'ದಿ ಗೇಮ್ ಅವಾರ್ಡ್ಸ್' ಸಮಾರಂಭದಲ್ಲಿ ವರ್ಷದ ಆಟವೆಂಬ ಬಿರುದು ಪಡೆದದ್ದು. ಕಂಪ್ಯೂಟರಿನಲ್ಲಿಯೂ ಅದು ಸಿಕ್ಕುತ್ತದೆ. ಆದರೆ ಎಲ್ಲಿ ಆಡಿದರೂ ಇಬ್ಬರು ಬೇಕೇಬೇಕು. ಕೋಡಿ, ಮೇ ಎಂಬ ದಂಪತಿಗಳು ಬೇರೆಯಾಗಲು ನಿಶ್ಚಯಿಸಿದ್ದಾರೆ. ಅವರ ಪುಟ್ಟ ಮಗಳ ಕಣ್ಣೀರಿನಿಂದ ಇಬ್ಬರೂ ಗೊಂಬೆಗಳಾಗಿಬಿಡುತ್ತಾರೆ. ಟೆಲಿವಿಷನ್ನಿನ ಪರದೆ ಎರಡು ಪಾಲಾಗಿ, ಒಂದು ಪಾಲಿನಲ್ಲಿ ಅವನು, ಇನ್ನೊಂದರಲ್ಲಿ ಅವಳು ಕಾಣುತ್ತಾರೆ. ಒಬ್ಬರಿಗೊಬ್ಬರು ನೆರವಾಗದೆ ಒಂದು ಹೆಜ್ಜೆಯೂ ಮುಂದಕ್ಕೆ ಹೋಗುವಂತಿಲ್ಲ. ಮೊದಲ ಭಾಗದಲ್ಲಿ ಅವನ ಬಳಿ ಇರುವುದು ಮೊಳೆಗಳು, ಅವಳ ಬಳಿ ಸುತ್ತಿಗೆ. ಅವನು ಗೋಡೆಗೆ ಮೊಳೆ ಎಸೆದು ನೆಟ್ಟರೆ, ಅವಳು ಅದಕ್ಕೆ ಸುತ್ತಿಗೆಯನ್ನು ಸಿಕ್ಕಿಸಿ ಜೀಕಿ ಆಚೆ ದಾಟಬೇಕು.

ಮೊಳೆ ಮಗನ ಪಾಲಿಗೆ ಬಂತು, ಸುತ್ತಿಗೆ ನನ್ನ ಪಾಲಿಗೆ. ಎಪ್ಪತ್ತರ ಗಡಿಯಲ್ಲಿದ್ದ ನಾನು ಕಂಟ್ರೋಲರು ಹಿಡಿದೆ. ಪರದೆಯನ್ನು ನೋಡಿದರೆ ಬೆರಳು ತಪ್ಪುತ್ತಿತ್ತು. ಬೆರಳನ್ನು ನೋಡಿದರೆ ಗೊಂಬೆ ಹಳ್ಳಕ್ಕೆ ಬೀಳುತ್ತಿತ್ತು. ಬಿದ್ದವರನ್ನು ಆ ಆಟ ಕ್ಷಣದಲ್ಲಿಯೇ ಎಬ್ಬಿಸಿ ನಿಲ್ಲಿಸುತ್ತದೆ; ದಂಡವಿಲ್ಲ. ನಾನು ಎಂಟು ಸಲ ಬಿದ್ದೆ, ಹತ್ತು ಸಲ ಬಿದ್ದೆ. ಮಗ ಆಚೆಯ ದಡದಲ್ಲಿ ಮೊಳೆ ನೆಟ್ಟು ನಿಂತಿದ್ದ. "ಪರವಾಗಿಲ್ಲ ಅಪ್ಪಾ. ನೆಗೆದ ಮೇಲೆ ಒತ್ತಿ. ಅವಸರವಿಲ್ಲ" ಎಂದ. ಮತ್ತೆ ಬಿದ್ದೆ. "ಅವಸರವಿಲ್ಲ" ಎಂದ.

ನಾನು ಅವನಿಗೆ ಭಿನ್ನರಾಶಿ ಕಲಿಸಿದ ಸಂಜೆಗಳು ನೆನಪಾದುವು. ಅವನು ಮೂರನೆಯ ಸಲ ತಪ್ಪಿದಾಗ ನಾನು ಸ್ಲೇಟನ್ನು ನೆಲಕ್ಕೆ ಕುಕ್ಕಿದ್ದೆ.

ಹನ್ನೆರಡನೆಯ ಸಲವೋ ಹದಿಮೂರನೆಯ ಸಲವೋ ಸುತ್ತಿಗೆ ಮೊಳೆಗೆ ಸಿಕ್ಕಿಕೊಂಡಿತು. ಗೊಂಬೆ ಜೀಕಿ ಆಚೆಗೆ ಬಿತ್ತು. "ದಾಟಿದಿರಿ!" ಎಂದು ಮಗ ಕೂಗಿದ. ಅವನ ಕೂಗಿಗೆ ನನ್ನಾಕೆ ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಸೋಫಾದ ಮೇಲೆ ನಾನೂ ಅವನೂ ಒಂದೇ ಕಡೆಗೆ ಮುಖ ಮಾಡಿ, ಮೊಳಕೈಗೆ ಮೊಳಕೈ ತಾಗುವಂತೆ ಕುಳಿತಿದ್ದೆವು. ಎದುರೆದುರು ಕುಳಿತರೆ ಆಡಲಾಗದ ಕೆಲವು ಮಾತುಗಳು ಹೀಗೆ ಪಕ್ಕಪಕ್ಕದಲ್ಲಿ ಕುಳಿತಾಗ ಬಾಯಿಗೆ ಬರುತ್ತವೆಂದು ಕಾಣುತ್ತದೆ. ಪರದೆಯಿಂದ ಕಣ್ಣು ತೆಗೆಯದೆ ಮಗ ಕೇಳಿದ: "ಆವತ್ತು ಬೀರುವಿನ ಕೀಲಿಯನ್ನು ಕಡಲೆಬೇಳೆಯ ಡ*ಬ್ಬದಲ್ಲಿ ಇಟ್ಟಿದ್ದಿರಿ, ಅಲ್ಲವೆ?"

ನನ್ನ ಗೊಂಬೆ ಮತ್ತೆ ಹಳ್ಳಕ್ಕೆ ಬಿತ್ತು. "ನಿನಗೆ ಗೊತ್ತಿತ್ತೆ?"

"ಅಮ್ಮ ಹೇಳಿದ್ದಳು."

ತಿರುಗಿ ನೋಡಿದೆ. ನನ್ನಾಕೆ ಬಾಗಿಲ ಪಕ್ಕದ ಕ್ಯಾಲೆಂಡರಿನಲ್ಲಿ ತಿಥಿ ನೋಡುತ್ತಿದ್ದಳು.

"ಹಾಗಾದರೆ ತೆಗೆದುಕೊಂಡೆಯೊ?"

"ಒಂದು ರಾತ್ರಿ ತೆಗೆದೆ. ಹತ್ತು ನಿಮಿಷ ಆಡಿ ಮತ್ತೆ ಅಲ್ಲಿಯೇ ಇಟ್ಟುಬಿಟ್ಟೆ."

"ಹೆದರಿಕೆಯೆ?"

"ಹೆದರಿಕೆಯಲ್ಲ. ಆ ಹತ್ತು ನಿಮಿಷದಲ್ಲಿ ನಾನು ಗೆದ್ದುಬಿಟ್ಟೆ. ಎಷ್ಟೋ ದಿನದಿಂದ ಗೆಲ್ಲಲಾಗದ ಆಟ. ಗೆದ್ದೆ ಎಂದು ಹೇಳುವುದಕ್ಕೆ ಯಾರೂ ಇರಲಿಲ್ಲ."

ಇಪ್ಪತ್ತಮೂರು ವರ್ಷ ಸಂದಿದ್ದುವು. ತಪ್ಪಾಯಿತೆಂದು ಹೇಳುವ ಅಭ್ಯಾಸ ನಮ್ಮ ಕಾಲದ ತಂದೆಗಳ ನಾಲಗೆಗೆ ಇಲ್ಲ. "ಸರಿ, ಇನ್ನೊಂದು ಮೊಳೆ ಎಸೆ, ನೋಡೋಣ" ಎಂದೆ. ಅವನು ಎಸೆದ. ಆ ರಾತ್ರಿ ನಾವು ಹನ್ನೊಂದೂವರೆಯವರೆಗೆ ಆಡಿದೆವು.

ಮೊನ್ನೆ ಇಂಜಿನಿಯರ್ ಮಹಾಶಯರು ಕಾಫಿಗೆ ಬಂದಾಗ ಹಳೆಯ ವಾದವನ್ನು ಮತ್ತೆ ತೆಗೆದರು. ಯಂತ್ರದ ಬಲಾಬಲದಲ್ಲಿ ನಾನು ಅವರಿಗೆ ಪೂರ್ತಿಯಾಗಿ ಸೋಲೊಪ್ಪಿದೆ. "ಆದರೂ ಜನ ಇದನ್ನೇ ಏಕೆ ಆರಿಸಿಕೊಳ್ಳುತ್ತಾರೆ, ಹೇಳಿ" ಎಂದರು. "ಎಲ್ಲರ ಮಾತು ನನಗೆ ತಿಳಿಯದು ಸ್ವಾಮಿ. ನಮ್ಮದು ನಡುಮನೆಯಲ್ಲಿ ಇರುತ್ತದೆ" ಎಂದೆ. ಅವರು ಲೋಟ ಹಿಡಿದುಕೊಂಡೇ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ, ಇನ್ನೊಂದು ಕಂಟ್ರೋಲರನ್ನು ಕಂಪ್ಯೂಟರಿಗೂ ಜೋಡಿಸಬಹುದಂತೆ, ಅದನ್ನು ಟಿವಿಗೂ ಸಿಕ್ಕಿಸಬಹುದಂತೆ, ಮೊಮ್ಮಗನನ್ನು ಕೇಳಬೇಕು ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು. ಜೋಡಿಸಬಹುದು, ನಿಜ. ಅವರ ಮೊಮ್ಮಗ ಒಪ್ಪಲೆಂದು ಹಾರೈಸುತ್ತೇನೆ.

ನನ್ನಾಕೆಯದು ಮಾತ್ರ ಒಂದು ದೂರು ಉಳಿದಿದೆ. ಈ ಹೊಸ ಯಂತ್ರದಲ್ಲಿ ಬಾತುಕೋಳಿಗಳಿಲ್ಲ. ಅಟ್ಟದಿಂದ ಹಳೆಯ ಪಿಸ್ತೂಲನ್ನು ಇಳಿಸಿ ಕೊಟ್ಟರೂ ಪ್ರಯೋಜನವಿಲ್ಲವೆಂದು ಮಗ ವಿವರಿಸಿದ: ಆ ಪಿಸ್ತೂಲಿಗೆ ಕಣ್ಣಿನಂತಹ ಒಂದು ಸಾಧನವಿದ್ದು, ಅದು ಹಳೆಯ ಟ್ಯೂಬಿನ ಟಿವಿಯ ಬೆಳಕನ್ನು ಮಾತ್ರ ಗುರುತಿಸಬಲ್ಲದು, ಈಗಿನ ಚಪ್ಪಟೆಯ ಟಿವಿಗಳ ಮುಂದೆ ಅದು ಕುರುಡು.

"ಹಾಗಾದರೆ ಆ ಹಳೆಯ ಟಿವಿಯನ್ನು ಯಾಕೆ ಮಾರಿದಿರಿ?" ಎಂದು ಅವಳು ನನ್ನನ್ನು ಕೇಳಿದಳು.

ನಾನು ಉತ್ತರ ಕೊಡಲಿಲ್ಲ. 2009ರಲ್ಲಿ ಅದನ್ನು ಗುಜರಿಯವನ ತಳ್ಳುಗಾಡಿಗೆ ಏರಿಸುವಾಗ ನಾನೇ ಒಂದು ಸಲ ಹಾಕಿ ನೋಡಿದ್ದೆ. ಟ್ಯೂಬು ಚೆನ್ನಾಗಿಯೇ ಇತ್ತು.